ವಾಟಾಡ್ಯಾನ ಬೆನ್ನು ಹಿಡಿದು

ತಳೇಗಾಂವದಲ್ಲಿ ಲೋಕಲ್ ಹತ್ತಿದರೆ ನಾಲ್ಕನೇ ನಿಲ್ದಾಣಕ್ಕೆ ಸಹ್ಯಾದ್ರಿಯ ಬುಡ. ಈ ಕೋಟೆಗಳ ಸೀಮೆಯಲ್ಲಿ ಯಾವ ದಾರಿಯನ್ನು ನಾವಾಗಿಯೇ ನಡೆಯಬಹುದು? ಎಲ್ಲಿ ಜೊತೆಗಾರ ಬೇಕೇ ಬೇಕು?

ಶ್ರಾವಣದ ಒಂದು ಭಾನುವಾರ ನಸುಕಿನಲ್ಲಿ ತಳೇಗಾಂವ ಸ್ಟೇಷನ್ನಿನಲ್ಲಿ ಲೋಣಾವಳಾ ಲೋಕಲ್ ಹತ್ತಿದೆ. ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ನಲವತ್ತು ಹುಡುಗ–ಹುಡುಗಿಯರು, ಕೊರಳಿಗೆ ಸೀಟಿ ಕಟ್ಟಿಕೊಂಡು ಅವರ ತಲೆ ಎಣಿಸುತ್ತಿದ್ದ ಒಬ್ಬ ಯುವಕ. ಬಾಗಿಲ ಬಳಿ ಮೊಬೈಲಿನಲ್ಲಿ ನಕಾಶೆ ತೆರೆದು ವಾದಕ್ಕಿಳಿದಿದ್ದ ಇಬ್ಬರು. ಅವರ ಕಾಲಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ. ವಡಗಾಂವ, ಕಾನ್ಹೆ, ಕಾಮಶೇತ್ ದಾಟಿ ಗಾಡಿ ಮಾಳವಲಿಗೆ ಬಂತು. ಎಲ್ಲರೂ ಇಳಿದರು. ಸೀಟಿಯವನ ಹಿಂದೆ ನಲವತ್ತು ಜನ ಸಾಲು ಕಟ್ಟಿದರು. ಮೊಬೈಲಿನವರು ನಿಂತಲ್ಲೇ ಸುತ್ತು ಹಾಕುತ್ತ ಉತ್ತರ ದಿಕ್ಕು ಹುಡುಕತೊಡಗಿದರು. ಮುದುಕಿ ಮಾತ್ರ ಬುಟ್ಟಿಯನ್ನು ತಲೆಗೇರಿಸಿ, ಯಾರನ್ನೂ ಕೇಳದೆ, ಹಳಿ ದಾಟಿ ಗದ್ದೆಯ ಬದುವಿನ ಮೇಲೆ ಮಾಯವಾದಳು.

ಅಲ್ಲಿಗೆ ನನ್ನ ಲೇಖನದ ಮೂರು ಪಾತ್ರಗಳೂ ಸಿಕ್ಕವು: ಹಣ ಕೊಟ್ಟು ಒಬ್ಬರ ಹಿಂದೆ ನಡೆಯುವವರು, ತಮ್ಮ ದಾರಿ ತಾವೇ ಹುಡುಕುವವರು, ದಾರಿ ಯಾರದೋ ಅವರು.

ನಾನು ಧಾರವಾಡದ ಕಡೆಯವ. ಕಾರ್ಖಾನೆಯ ನೌಕರಿ ಹಿಡಿದು ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಈ ಹದಿನಾರು ವರ್ಷದಲ್ಲಿ ಕಲಿತ ಮರಾಠಿ ಶಬ್ದಗಳಲ್ಲಿ ನನಗೆ ಅತಿ ಪ್ರಿಯವಾದದ್ದು ‘ವಾಟಾಡ್ಯಾ’. ‘ವಾಟ್’ ಅಂದರೆ ಹಾದಿ; ಹಾದಿ ತೋರಿಸುವವನು ವಾಟಾಡ್ಯಾ. ಹಳಗನ್ನಡದಲ್ಲಿ ‘ಬಟ್ಟೆ’ ಅಂದರೂ ಹಾದಿಯೇ ಅಲ್ಲವೆ? ಎರಡೂ ನೆಂಟತನದ ಶಬ್ದಗಳು. ಗೈಡ್ ಎಂದರೆ ಲೈಸೆನ್ಸು, ಬ್ಯಾಡ್ಜು ನೆನಪಾಗುತ್ತವೆ. ವಾಟಾಡ್ಯಾ ಎಂದರೆ ಹೆಗಲ ಮೇಲೆ ಕೊಯಿತಾ ಮಚ್ಚು ಇಟ್ಟುಕೊಂಡು ಮುಂದೆ ಹೊರಟ ಒಂದು ಬೆನ್ನು.

ಎರಡು ಹವೆಗಳ ನಡುವಿನ ಊರು

ತಳೇಗಾಂವ ದಾಭಾಡೆ ಮರಾಠಾ ಸೇನಾಪತಿಗಳಾದ ದಾಭಾಡೆ ಮನೆತನದ ಊರು. 1731ರಲ್ಲಿ ಡಭೋಯಿಯಲ್ಲಿ ಪೇಶ್ವೆ ಬಾಜೀರಾಯನ ಎದುರು ಕಾದಾಡಿ ಸತ್ತ ತ್ರಿಂಬಕರಾವ್ ಈ ಮನೆಯವನು. ಅವನ ತಾಯಿ ಉಮಾಬಾಯಿಯೇ ಮುಂದೆ ಸೇನಾಪತಿಯ ಅಧಿಕಾರ ನಡೆಸಿದಳು. ಈಗ ಊರಿನ ಒಂದು ಮಗ್ಗುಲಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ನೊಂದು ಮಗ್ಗುಲಿಗೆ ಮಾವಳದ ಭತ್ತದ ಗದ್ದೆಗಳು.

ಪುಣೆಯ ಒಣಹವೆ ಮುಗಿದು ಘಟ್ಟದ ಮಳೆ ಶುರುವಾಗುವುದು ಇಲ್ಲಿಂದಲೇ. ಮೂವತ್ತು ಕಿಲೋಮೀಟರ್ ಆಚೆಯ ಲೋಣಾವಳಾದಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುವಾಗಲೇ ಅಲ್ಲಿ ಕೈಗೆ ಕೈ ಕಾಣುವುದಿಲ್ಲ. ಇಲ್ಲಿಯ ಬಿಸಿಲು ನೋಡಿ ರೇನ್‌ಕೋಟ್ ಮನೆಯಲ್ಲೇ ಬಿಟ್ಟು ಹೋಗುವುದು ಹೊಸಬರು ಮಾಡುವ ಮೊದಲನೇ ತಪ್ಪು.

ಪಡುವಣದ ಕಣಿವೆಗಳ ಸೀಮೆಯೇ ಮಾವಳ. ಒಂದೊಂದು ಕಣಿವೆಗೂ ಅದರದೇ ಹೆಸರು: ಪವನಾ ನದಿಯ ಪವನ ಮಾವಳ, ನಾಣೆ ಮಾವಳ, ಅಂದರ್ ಮಾವಳ. ಶಿವಾಜಿಯ ಮಾವಳೆ ಸೈನಿಕರು ಈ ಕಣಿವೆಗಳ ರೈತರು. ಅವರ ಕಾಲಿಗೆ ಇದ್ದ ಅರಿವೇ ಅವನ ಅರ್ಧ ಸೈನ್ಯ.

ಚಾರಣದ ಹುಚ್ಚನ್ನು ಮರಾಠಿ ಓದುಗರಿಗೆ ಹಚ್ಚಿದ ಗೋಪಾಲ ನೀಳಕಂಠ ದಾಂಡೇಕರ್ (1916–1998) ಬಾಳಿದ್ದೂ ಇದೇ ತಳೇಗಾಂವದಲ್ಲಿ. ಎಲ್ಲರ ಬಾಯಲ್ಲಿ ‘ಗೋನೀದಾ’. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಸ್ವಾತಂತ್ರ್ಯ ಚಳವಳಿ ಸೇರಿದವರು, ಗಾಡಗೇ ಮಹಾರಾಜರ ಜೊತೆ ತಿರುಗಿದವರು, ನರ್ಮದೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿದವರು. ಅವರ ‘ಪವನಾಕಾಠಚಾ ಧೋಂಡಿ’ ಕಾದಂಬರಿ ಹುಟ್ಟಿದ್ದು ತುಂಗ್ ಕೋಟೆಯ ನೆರಳಿನಲ್ಲಿ, ‘ಮಾಚೀವರಲಾ ಬುಧಾ’ ರಾಜಮಾಚಿಯಲ್ಲಿ. ಎರಡರ ನಾಯಕರೂ ರಾಜರಲ್ಲ, ಗುಡ್ಡದ ಮೇಲೆ ಬದುಕುವ ಬಡವರು. ಕೋಟೆ ನೋಡಲು ಹೋಗುವವರು ಕೋಟೆಯ ಕೆಳಗಿನ ಮನೆಗಳನ್ನೂ ನೋಡಬೇಕೆಂದು ಹೇಳಲು ಗೋನೀದಾ ಭಾಷಣ ಮಾಡಲಿಲ್ಲ, ಕಾದಂಬರಿ ಬರೆದರು.

ಒಬ್ಬರೇ ಹೊರಡಬಹುದಾದ ಗುಡ್ಡಗಳು

ನಡಿಗೆಯ ಅ ಆ ಇ ಈ ಕಲಿಯಲು ಊರ ಸುತ್ತಲ ಗುಡ್ಡಗಳೇ ಸಾಕು. ಇಂದೋರಿಯ ದಾರಿಯಲ್ಲಿ ಭಂಡಾರಾ ಡೋಂಗರ್ ಇದೆ. ದೇಹೂವಿನ ಸಂತ ತುಕಾರಾಮ ಏಕಾಂತಕ್ಕೆ ಹೋಗುತ್ತಿದ್ದ ಬೆಟ್ಟ. ಬೇಗಡೇವಾಡಿ ಸ್ಟೇಷನ್ನಿನ ಬಳಿ ಘೋರಾವಡೇಶ್ವರ. ಬೌದ್ಧ ಗವಿಯಲ್ಲಿ ಈಗ ಶಿವಲಿಂಗ. ಬೆಳಗಿನ ಚಹಾ ಕುಡಿದು ಹೊರಟರೆ ಊಟದ ಹೊತ್ತಿಗೆ ಮನೆ. ದಾರಿಯುದ್ದಕ್ಕೂ ಭಕ್ತರು ಇರುತ್ತಾರೆ, ಎಲ್ಲಿ ತಪ್ಪಿದರೂ ಯಾರಾದರೂ ಕರೆದು ಹೇಳುತ್ತಾರೆ.

ಮುಂದಿನ ತರಗತಿ ಲೋಹಗಡ. ಮಾಳವಲಿಯಲ್ಲಿ ಇಳಿದು, ಎಕ್ಸ್‌ಪ್ರೆಸ್ ವೇ ದಾಟಿ, ಭಾಜೆ ಊರಿನ ಮೂಲಕ ಗಾಯಮುಖ ಖಿಂಡಿಗೆ ಏರಬೇಕು. ಖಿಂಡ್ ಅಂದರೆ ಎರಡು ಗುಡ್ಡಗಳ ನಡುವಿನ ಕಣಿವೆಬಾಯಿ. ಬಲಕ್ಕೆ ಹೋದರೆ ಲೋಹಗಡ, ಎಡಕ್ಕೆ ವಿಸಾಪುರ. ಲೋಹಗಡಕ್ಕೆ ಮೆಟ್ಟಿಲುಗಳಿವೆ, ಗಣೇಶ, ನಾರಾಯಣ, ಹನುಮಾನ್, ಮಹಾದರವಾಜಾ ಎಂದು ನಾಲ್ಕು ಬಾಗಿಲುಗಳಿವೆ. ತುದಿಯಿಂದ ಪಡುವಣಕ್ಕೆ ಚಾಚಿದ ಕಿರಿದಾದ ಬಂಡೆಯ ಸಾಲಿಗೆ ‘ವಿಂಚೂಕಾಟಾ’, ಚೇಳಿನ ಕೊಂಡಿ, ಎಂದು ಹೆಸರು. 1648ರಲ್ಲಿ ಶಿವಾಜಿಯ ವಶವಾದ ಈ ಕೋಟೆ 1665ರ ಪುರಂದರ ಒಪ್ಪಂದದಲ್ಲಿ ಮೊಗಲರ ಪಾಲಾಗಿ, 1670ರಲ್ಲಿ ಮತ್ತೆ ಮರಾಠರದಾಯಿತು. 2025ರ ಜುಲೈಯಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು.

ಇಲ್ಲಿಗೆ ಗೈಡ್ ಬೇಕಿಲ್ಲ. ಬೇಕಾದದ್ದು ವಾರದ ದಿನ. ಮಳೆಗಾಲದ ಭಾನುವಾರ ಈ ಮೆಟ್ಟಿಲುಗಳ ಮೇಲೆ ಹಿಂದೆ–ಮುಂದೆ ಸರಿಯಲಾಗದೆ ಜನ ತಾಸುಗಟ್ಟಲೆ ಸಿಕ್ಕಿಕೊಂಡ ಉದಾಹರಣೆಯಿದೆ.

ಬನವಾಸಿಯ ಸೆಟ್ಟಿ ನಡೆದ ದಾರಿ

ಮಾಳವಲಿಯಿಂದ ತೆಂಕಣಕ್ಕೆ ಹೋಗುವ ಬದಲು ಬಡಗಣಕ್ಕೆ ಹೋದರೆ ಕಾರ್ಲಾ. ಮುದುಕಿ ಹೋದದ್ದು ಅಲ್ಲಿಗೆ, ಏಕವೀರೆಯ ಗುಡಿಗೆ. ಗುಡಿಯ ಪಕ್ಕದಲ್ಲೇ ಭಾರತದ ಅತಿ ದೊಡ್ಡ ಬಂಡೆಗೊರೆದ ಚೈತ್ಯ. ಎರಡು ಸಾವಿರ ವರ್ಷದ ಹಿಂದಿನ ಮರದ ತೊಲೆಗಳು ಅದರ ಕಮಾನು ಚಾವಣಿಯಲ್ಲಿ ಇಂದಿಗೂ ಕೂತಿವೆ. ಕನ್ನಡದವರು ಮುಂಭಾಗದ ಗೋಡೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಬ್ರಾಹ್ಮಿ ಲಿಪಿಯ ಒಂದು ಶಾಸನ ಅಲ್ಲಿದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಲುಮನೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಬನವಾಸಿ ಎಲ್ಲಿ, ಕಾರ್ಲಾ ಎಲ್ಲಿ! ಕೊಂಕಣದ ಬಂದರುಗಳಿಂದ ಬೋರ್ ಘಾಟ್ ಏರಿ ಬರುವ ಸರಕಿನ ದಾರಿ ಈ ಕಣಿವೆಯಲ್ಲೇ ಹಾಯುತ್ತಿತ್ತು. ಭಾಜೆ, ಬೇಡ್ಸೆ, ಕಾರ್ಲಾ ಗವಿಗಳು ಆ ದಾರಿಯ ಮಗ್ಗುಲಲ್ಲಿವೆ. ಅಂಥ ದಾರಿಗಳಲ್ಲಿ ವ್ಯಾಪಾರಿಗಳು ಒಬ್ಬೊಬ್ಬರೇ ಹೋಗುತ್ತಿರಲಿಲ್ಲ. ಎತ್ತುಗಳ ತಂಡ ಕಟ್ಟಿ ಹೋಗುತ್ತಿದ್ದರು. ತಂಡಕ್ಕೆ ‘ಸಾರ್ಥ’, ಅದನ್ನು ನಡೆಸುವವನಿಗೆ ‘ಸಾರ್ಥವಾಹ’ ಎಂದು ಹೆಸರು. ಎಲ್ಲಿ ನೀರಿದೆ, ಎಲ್ಲಿ ಕಳ್ಳರಿದ್ದಾರೆ, ಯಾವ ತಿಂಗಳು ಯಾವ ಘಟ್ಟ ಮುಚ್ಚಿರುತ್ತದೆ ಎಂಬುದು ಅವನಿಗೆ ಬಾಯಿಪಾಠ. ಕಲ್ಲುಮನೆ ಕಟ್ಟಿಸುವಷ್ಟು ದುಡ್ಡಿದ್ದ ಸೆಟ್ಟಿಗೂ ದಾರಿ ಬಲ್ಲವನ ಹಿಂದೆ ನಡೆಯುವುದು ಸಣ್ಣತನವಾಗಿ ಕಂಡಿರಲಾರದು. ಅದು ಸಣ್ಣತನವೆಂದು ನನಗೆ ಕಂಡಿತ್ತು. ಅದರ ಕಥೆಯನ್ನೂ ಹೇಳಿಬಿಡುತ್ತೇನೆ.

ವಿಸಾಪುರದ ಮಂಜು

ಬಂದ ಹೊಸತರಲ್ಲಿ, ಜುಲೈ ತಿಂಗಳು, ಕಾರ್ಖಾನೆಯ ಇಬ್ಬರು ಗೆಳೆಯರೊಂದಿಗೆ ವಿಸಾಪುರಕ್ಕೆ ಹೋಗಿದ್ದೆ. ಖಿಂಡಿನಲ್ಲಿ ಒಬ್ಬ ಹಿರಿಯ ‘ವಾಟಾಡ್ಯಾ ಪಾಯಿಜೆ ಕಾ?’ ಎಂದು ಕೇಳಿದ. ‘ಬ್ಯಾಡ್ರಿ ಅಜ್ಜಾ, ನಕಾಶಿ ಐತಿ’ ಎಂದು ಕನ್ನಡದಲ್ಲೇ ನಕ್ಕು ಮುಂದೆ ಹೋದೆ.

ವಿಸಾಪುರ ಲೋಹಗಡಕ್ಕಿಂತ ಎತ್ತರ, ಅದಕ್ಕಿಂತ ಅಗಲ. ಮೇಲೆ ಹೋದರೆ ಗೋಡೆ ಸುತ್ತಿದ ಬಯಲು: ನೀರಿನ ಟಾಕಿಗಳು, ಬಿದ್ದ ಕಟ್ಟಡಗಳು, ಗಾರೆ ಅರೆಯುವ ಕಲ್ಲಿನ ಗಾಲಿ. 1818ರಲ್ಲಿ ಬ್ರಿಟಿಷರು ಮೊದಲು ಇದನ್ನು ಹಿಡಿದರು, ಇಲ್ಲಿ ತೋಪು ಏರಿಸಿದರೆ ಲೋಹಗಡ ತಾನಾಗಿ ಬೀಳುತ್ತದೆಂದು. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಮಂಜು ಇಳಿಯಿತು. ಹತ್ತು ಹೆಜ್ಜೆ ಆಚೆಯ ಗೆಳೆಯ ಕಾಣಲಿಲ್ಲ. ಮೊಬೈಲು ಒದ್ದೆಯಾಗಿ ಕಣ್ಣು ಮುಚ್ಚಿತು. ಹತ್ತಿ ಬಂದ ಕೊರಕಲು ಎಲ್ಲಿ? ಗೋಡೆ ಹಿಡಿದು ಎರಡು ತಾಸು ನಡೆದೆವು. ಒಂದು ಕಡೆ ನೀರು ಇಳಿಯುವ ಕೊರಕಲು ಸಿಕ್ಕಿತು, ದಾರಿಯಂತೆಯೇ ಇತ್ತು. ಇಳಿಯತೊಡಗಿದೆವು.

ಮೇಲಿನಿಂದ ಒಂದು ಕೂಗು ಬಂತು. ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದ ದನಗಾಹಿ ಹುಡುಗ. ಹತ್ತು–ಹನ್ನೆರಡು ವಯಸ್ಸು ಇದ್ದೀತು. ‘ದಾದಾ, ಅಲ್ಲಿ ಕಡಾ ಇದೆ’ ಎಂದ. ಕಡಾ ಅಂದರೆ ಪ್ರಪಾತ. ನಾವು ಮೇಲೆ ಬಂದ ಮೇಲೆ ಕೋಲಿನಿಂದ ನೆಲ ತೋರಿಸಿದ. ಅಲ್ಲಿ ಸಗಣಿ ಬಿದ್ದಿತ್ತು. ಸಗಣಿ ಬಿದ್ದ ಹಾದಿ ಊರಿಗೆ ಹೋಗುತ್ತದೆ, ನೀರಿನ ಹಾದಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂಬುದು ಅವನ ಪಾಠ. ಅವನ ದನಗಳ ಹಿಂದೆ ತಲೆ ತಗ್ಗಿಸಿ ಇಳಿದೆವು.

ಅವನ ಮಾತಿನ ಹಿಂದಿನ ಕಾರಣ ಆಮೇಲೆ ತಿಳಿಯಿತು. ಈ ಬೆಟ್ಟಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾದ ಪದರಗಳು. ಒಂದರ ಮೇಲೊಂದು ರೊಟ್ಟಿ ಒಟ್ಟಿದಂತೆ ಕೂತಿವೆ. ಮೆತ್ತನೆಯ ಪದರ ಸವೆದು ಇಳಿಜಾರಾಗುತ್ತದೆ, ಗಟ್ಟಿ ಪದರ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿ ಇಷ್ಟು ಕೋಟೆಗಳು. ಮುಕ್ಕಾಲು ಗೋಡೆಯನ್ನು ಬೆಟ್ಟವೇ ಕಟ್ಟಿಕೊಟ್ಟಿದೆ. ಆದ್ದರಿಂದಲೇ ಇಲ್ಲಿ ಇಷ್ಟು ಅಪಘಾತಗಳೂ. ಕೊರಕಲು ಮೆತ್ತನೆಯ ಪದರದಲ್ಲಿ ದಾರಿಯಂತೆ ಇಳಿದು, ಗಟ್ಟಿ ಪದರದ ಅಂಚಿಗೆ ಬಂದು ಗಾಳಿಯಲ್ಲಿ ಮುಗಿದುಹೋಗುತ್ತದೆ. ನಕಾಶೆಯಲ್ಲಿ ಅದು ಒಂದೇ ಗೆರೆ.

ರಾಜಮಾಚಿಯ ಊಟ

ಎರಡು ದಿನದ ನಡಿಗೆಗೆ ರಾಜಮಾಚಿಯಂಥದ್ದು ಇನ್ನೊಂದಿಲ್ಲ. ಲೋಣಾವಳಾದಿಂದ ತುಂಗಾರ್ಲಿ ಕೆರೆಯ ಮೇಲಿಂದ ಸುಮಾರು 15 ಕಿಲೋಮೀಟರ್. ಹೆಚ್ಚು ಏರಿಳಿತವಿಲ್ಲ, ದಾರಿ ಅಗಲವಾಗಿದೆ, ತಪ್ಪುವ ಭಯ ಕಡಿಮೆ. ಕರ್ಜತ್ ಕಡೆಯಿಂದ ಕೊಂಡಾಣೆ ಗವಿಗಳನ್ನು ನೋಡಿಕೊಂಡು ಏರುವ ದಾರಿ ಕಡಿದಾದದ್ದು. ಅದಕ್ಕೆ ಜೊತೆ ಇದ್ದರೆ ಒಳ್ಳೆಯದು. ಎರಡೂ ದಾರಿ ಸೇರುವುದು ಉಧೇವಾಡಿ ಎಂಬ ಪುಟ್ಟ ಊರಲ್ಲಿ. ಊರ ನೆತ್ತಿಯ ಮೇಲೆ ಶ್ರೀವರ್ಧನ, ಮನರಂಜನ ಎಂಬ ಎರಡು ಬಾಲೇಕಿಲ್ಲೆಗಳು, ಅಂದರೆ ಒಳಕೋಟೆಗಳು; ಕೆಳಗೆ ಉದಯಸಾಗರ ಕೆರೆ, ಹಳೆಯ ಶಿವಾಲಯ.

ಇಲ್ಲಿ ಹೋಟೆಲಿಲ್ಲ, ಮನೆಗಳಿವೆ. ಮಾವಶಿ ಪಿಠಲಾ ಕಲಕುತ್ತಾಳೆ. ನಮ್ಮ ಝುಣಕಕ್ಕೆ ಸ್ವಲ್ಪ ತೆಳ್ಳಗಿನ ತಮ್ಮ. ಜೊತೆಗೆ ಅಕ್ಕಿ ಭಾಕರಿ, ಕುಟ್ಟಿದ ಠೇಚಾ, ಇಂದ್ರಾಯಣಿ ಅಕ್ಕಿಯ ಮೆತ್ತನೆ ಅನ್ನ. ಸಗಣಿ ಸಾರಿಸಿದ ಪಡಸಾಲೆಯಲ್ಲಿ ಹಾಸಿಗೆ. ಎಲ್ಲಿಯವರು ಎಂದು ಕೇಳಿದಾಗ ಧಾರವಾಡ ಎಂದೆ. ‘ಪೇಢೆ ತಂದಿಲ್ಲವೇ?’ ಎಂದಳು. ಮುಂದಿನ ಸಲ ತಂದೆ.

ಮೇ ಕೊನೆ, ಜೂನ್ ಮೊದಲ ವಾರದಲ್ಲಿ, ಮಳೆ ಹಿಡಿಯುವ ಮೊದಲು, ಇಲ್ಲಿಯ ಮರಗಳ ತುಂಬ ಮಿಂಚುಹುಳು. ಸಾವಿರ ಹುಳುಗಳು ಒಂದೇ ತಾಳಕ್ಕೆ ಹೊತ್ತಿ ಆರುತ್ತವೆ. ಈ ಬೆಳಕು ಗಂಡು–ಹೆಣ್ಣು ಹುಳುಗಳು ಒಂದನ್ನೊಂದು ಕರೆಯುವ ಸಂಕೇತ. ನೋಡಲು ಬಂದವರ ಟಾರ್ಚು, ಜೀಪಿನ ದೀಪ ಬಿದ್ದಲ್ಲಿ ಆ ಕರೆ ಅಳಿಸಿಹೋಗುತ್ತದೆ. ಒಮ್ಮೆ ನಾನೂ ಹಣ ಕಟ್ಟಿ ಒಂದು ಗುಂಪಿನೊಂದಿಗೆ ಹೋಗಿದ್ದೆ. ಅರವತ್ತು ಜನಕ್ಕೆ ಇಬ್ಬರು ಲೀಡರುಗಳು. ಕತ್ತಲಲ್ಲಿ ಕವಲು ಬಂದಾಗ ಅವರು ಮಾಡಿದ ಕೆಲಸ ನೋಡಿ ನನಗೆ ನಗುವೂ ಸಿಟ್ಟೂ ಬಂತು: ಹತ್ತಿರದ ಮನೆಯ ಬಾಗಿಲು ಬಡಿದು, ನಿದ್ದೆ ಮಾಡುತ್ತಿದ್ದವನನ್ನು ಎಬ್ಬಿಸಿ ದಾರಿ ಕೇಳಿದರು. ಹಣ ನಗರದಲ್ಲಿ ಉಳಿಯಿತು, ನಿದ್ದೆ ಉಧೇವಾಡಿಯದು ಹೋಯಿತು.

ಗೈಡ್ ಇದ್ದಾನೋ ಇಲ್ಲವೋ ಎಂದಷ್ಟೇ ಕೇಳಿದರೆ ಸಾಲದು ಎಂದು ಅಂದು ಅರ್ಥವಾಯಿತು. ಅವನ ಮನೆ ಎಲ್ಲಿದೆ ಎಂದೂ ಕೇಳಬೇಕು.

ಒಬ್ಬರೇ ಬೇಡ

ಪವನಾ ಜಲಾಶಯದ ಎರಡು ಕಾವಲುಗಾರರು ತಿಕೋನಾ ಮತ್ತು ತುಂಗ್. ತಿಕೋನಾಕ್ಕೆ ಕಡಿದಾದ ಎತ್ತರದ ಮೆಟ್ಟಿಲುಗಳಿವೆ. ಒಣ ಹವೆಯಲ್ಲಿ ನೀವಾಗಿಯೇ ಹೋಗಬಹುದು. ತುಂಗ್ ಶಂಕುವಿನಂತೆ ಚೂಪು, ದಾರಿ ಕಿರಿದು. ಮಳೆಯಲ್ಲಿ ತುಂಗವಾಡಿಯವರನ್ನು ಕೇಳದೆ ಹೆಜ್ಜೆ ಇಡಬೇಡಿ.

ಢಾಕ್ ಬಹಿರಿ ಬೇರೆಯೇ ಮಾತು. ಕಾಮಶೇತಿನಿಂದ ಜಾಂಭಿವಲಿ, ಕೊಂಡೇಶ್ವರ ಗುಡಿ ದಾಟಿ ಹೋದರೆ, ನೆಟ್ಟಗಿನ ಬಂಡೆಯ ನಡುಮಧ್ಯದ ಗವಿಯಲ್ಲಿ ಭೈರವ. ಬಂಡೆಗೆ ಕೊರೆದ ಹಿಡಿಗಳು, ಹಗ್ಗ, ಒಂದು ಕಂಬದಂಥ ಮರದ ತುಂಡು, ಇಷ್ಟೇ ಆಸರೆ. ಊರವರು ಬರಿಗಾಲಲ್ಲಿ ತೆಂಗಿನಕಾಯಿ ಹಿಡಿದು ಏರುವುದನ್ನು ನೋಡಿ ನಾವೂ ಏರಬಹುದೆಂದು ತಿಳಿದವರಲ್ಲಿ ಕೆಲವರು ಮರಳಿ ಬಂದಿಲ್ಲ. ಹಗ್ಗ ಕಟ್ಟಲು ಬಲ್ಲ, ಆ ಬಂಡೆಯನ್ನು ಬಲ್ಲ ಜನ ಜೊತೆಗಿಲ್ಲದಿದ್ದರೆ ಕೆಳಗಿನಿಂದಲೇ ಕೈ ಮುಗಿಯಿರಿ. ಯಾರಾದರೂ ಬಿದ್ದರೆ ರಾತ್ರಿಯೋ ಹಗಲೋ ಎನ್ನದೆ ಹಗ್ಗ, ಸ್ಟ್ರೆಚರು ಹೊತ್ತು ಬರುವವರು ಲೋಣಾವಳಾದ ‘ಶಿವದುರ್ಗ ಮಿತ್ರ’ದಂಥ ಸ್ವಯಂಸೇವಕರು. ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಎತ್ತರ ಮಾತ್ರ ಅಪಾಯ ಎಂದುಕೊಳ್ಳಬೇಡಿ. 2024ರ ಜೂನ್ 30ರಂದು ಲೋಣಾವಳಾದ ಭುಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ನೀರಿನ ಸೆಳೆತಕ್ಕೆ ಸಿಕ್ಕು ಸತ್ತರು. 2025ರ ಜೂನ್ 15ರಂದು ನಮ್ಮ ತಳೇಗಾಂವದ ಮಗ್ಗುಲಲ್ಲೇ, ಕುಂಡಮಳಾದಲ್ಲಿ, ಜನ ಕಿಕ್ಕಿರಿದ ಹಳೆಯ ಕಬ್ಬಿಣದ ಸೇತುವೆ ಇಂದ್ರಾಯಣಿ ನದಿಗೆ ಕುಸಿದು ನಾಲ್ವರು ಸತ್ತರು. ಎರಡೂ ಭಾನುವಾರಗಳೇ.

ನಮ್ಮಲ್ಲಿ ಹೇಗೆ, ಇಲ್ಲಿ ಹೇಗೆ

ಕರ್ನಾಟಕದಿಂದ ಬರುವ ಗೆಳೆಯರು ಮೊದಲು ಕೇಳುವುದು ‘ಪರ್ಮಿಷನ್ ಎಲ್ಲಿ ಮಾಡಿಸೋದು?’ ಎಂದು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಜನಜಾತ್ರೆ ನೆರೆದ ಮೇಲೆ ನಮ್ಮ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ ಜನರ ಸಂಖ್ಯೆಗೆ ಮಿತಿ ಹಾಕಿತು. ಅಲ್ಲಿಯದು ಶೋಲಾ, ಹುಲ್ಲುಗಾವಲು, ಆನೆಯ ಕಾಡು. ಮಾವಳದ್ದು ಊರುಗಳ ನಡುವಿನ ಬೆಟ್ಟ. ಹೆಚ್ಚಿನ ಕೋಟೆಗಳಿಗೆ ಯಾರು ಯಾವಾಗ ಬೇಕಾದರೂ ಹೋಗಬಹುದು. ಮಹಾರಾಷ್ಟ್ರವೂ 2021ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ನೀತಿ ತಂದು, ಸಂಘಟಕರ ನೋಂದಣಿಯ ಮಾತಾಡಿದೆ. ಅವಘಡವಾದಾಗ ಜಿಲ್ಲಾಡಳಿತ ಕೆಲವು ತಾಣಗಳಿಗೆ ನಿಷೇಧಾಜ್ಞೆ ಹಾಕುವುದೂ ಉಂಟು.

ನಮ್ಮ ಪದ್ಧತಿಯಲ್ಲಿ ಕಾಡಿಗೆ ಉಸಿರು ಸಿಗುತ್ತದೆ, ಆದರೆ ವೆಬ್‌ಸೈಟಿನ ಹೊರಗೆ ಹೆಜ್ಜೆ ಇಡಲಾಗದು. ಇಲ್ಲಿಯ ಪದ್ಧತಿಯಲ್ಲಿ ಕಾಲಿಗೆ ಸ್ವಾತಂತ್ರ್ಯವಿದೆ, ಆದರೆ ಭಾನುವಾರ ಬೆಟ್ಟಕ್ಕೆ ಉಸಿರಿಲ್ಲ. ನನ್ನನ್ನು ಕೇಳಿದರೆ ದಾರಿ ಊರಿನ ಕೈಯಲ್ಲಿರಬೇಕು. ದಿನಕ್ಕೆ ಎಷ್ಟು ಜನ, ಯಾವ ಹಾದಿ, ಯಾರು ಜೊತೆ ಎಂಬುದನ್ನು ಉಧೇವಾಡಿ, ಲೋಹಗಡವಾಡಿ, ತುಂಗವಾಡಿಗಳು ನಿರ್ಧರಿಸಿ, ಹಣ ಅಲ್ಲೇ ಉಳಿದರೆ, ಬಂಡೆಯ ಮೇಲೆ ಹೆಸರು ಗೀಚುವವನ ಕಿವಿ ಹಿಂಡಲು ಸರ್ಕಾರ ಬರಬೇಕಿಲ್ಲ. ಹಾಗೆ ನೋಡಿದರೆ ಒಬ್ಬರೇ ನಡೆಯುವುದೆಂಬುದು ಇಲ್ಲಿ ಇಲ್ಲವೇ ಇಲ್ಲ. ಯಾರೋ ಸವೆಸಿದ ಹಾದಿ, ಯಾರೋ ಹೂಳೆತ್ತಿದ ಟಾಕಿ, ಯಾರದೋ ದನದ ಹೆಜ್ಜೆ.

ಹೊರಡುವವರಿಗೆ

ಕಾಲ: ಅಕ್ಟೋಬರಿನಿಂದ ಫೆಬ್ರುವರಿ ಉತ್ತಮ. ಸೆಪ್ಟೆಂಬರಿನಲ್ಲಿ ಸೋನಕಿಯ ಹಳದಿ ಹೂ ಬೆಟ್ಟ ತುಂಬುತ್ತದೆ. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಏರಿ, ಹತ್ತಕ್ಕೆ ಇಳಿದುಬಿಡಿ.

ಜೊತೆಗೆ: ತಲಾ ಎರಡು–ಮೂರು ಲೀಟರ್ ನೀರು, ಹಲ್ಲುಳ್ಳ ಬೂಟು, ಟಾರ್ಚು, ಸೀಟಿ. ಕೋಟೆಯ ಎಲ್ಲ ಟಾಕಿಗಳ ನೀರೂ ಕುಡಿಯಲು ಬರುವುದಿಲ್ಲ, ಊರಲ್ಲಿ ಕೇಳಿ.

ಬೇಡ: ಬಂಡೆಯಲ್ಲಿ ಹೆಜ್ಜೇನು ಇರುವಲ್ಲಿ ಅತ್ತರು, ಹೊಗೆ, ಗದ್ದಲ. ತುಂಬಿದ ಹಳ್ಳ ದಾಟುವ ಹಟ.

ಆಪತ್ತಿಗೆ: 112. ಹೊರಡುವ ಮೊದಲು ಯಾವ ದಾರಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂದು ಮನೆಯಲ್ಲೂ ಬುಡದ ಊರಿನಲ್ಲೂ ಹೇಳಿ.

ವಿಸಾಪುರದ ಆ ಖಿಂಡಿಗೆ ಈಗಲೂ ವರ್ಷಕ್ಕೆ ನಾಲ್ಕು ಬಾರಿ ಹೋಗುತ್ತೇನೆ. ದಾರಿ ಈಗ ನನಗೂ ಗೊತ್ತು. ಆದರೂ ಮಳೆಗಾಲವಾದರೆ ಊರಿನ ಒಬ್ಬರನ್ನು ಕರೆದುಕೊಂಡೇ ಏರುತ್ತೇನೆ, ದಿನಗೂಲಿ ಕೇಳಿದಷ್ಟು ಕೊಡುತ್ತೇನೆ. ನೀವು ಮಾಳವಲಿಯಲ್ಲಿ ಇಳಿದಾಗಲೂ ಮೊಬೈಲು ತೆರೆಯುವ ಮೊದಲು ಚಹಾದಂಗಡಿಯಲ್ಲಿ ಒಂದು ಮಾತು ಕೇಳಿ: ‘ವಾಟ್ ಕಶೀ ಆಹೆ?’ ಹಾದಿ ಹೇಗಿದೆ ಎಂದು. ಮತ್ತು ಹಿಂದಿರುಗುವ ಲೋಕಲ್ಲಿನ ಸಮಯ ಅಲ್ಲೇ ನೋಡಿಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತು ಗಾಡಿಗಳು ವಿರಳ.